ಚೌಕಟ್ಟಿನವನ ಬಾಕಿ

ಯೆವ್ಲೆ ಬಂದರಿನ ಹಿಂದೆ, ಹಗ್ಗದಂಗಡಿ ದಾಟಿ
ಮೂರು ಮೆಟ್ಟಿಲು ಇಳಿದರೆ ನನ್ನ ಮಳಿಗೆ.
ಮೂವತ್ತೊಂದು ವರ್ಷ ಆಕೆಯ ಚಿತ್ರಗಳಿಗೆ
ಅಂಚು ಕಟ್ಟಿದವನು ನಾನು.
ಚಿತ್ರದ ವಿಚಾರ ನನ್ನನ್ನು ಕೇಳಬೇಡಿ.
ಮರದ ವಿಚಾರ ಕೇಳಿ. ಮೂಲೆ ಕೂಡುವ ವಿಚಾರ ಕೇಳಿ.

ಆಲ್ಫ್‌ಹಿಲ್ಡ್ ರೋನ್‌ಕ್ವಿಸ್ಟ್. ಫಾಲುನ್ ಗಣಿಯೂರಿನವಳು.
ಅಪ್ಪ ಬಣ್ಣ ಬೇಯಿಸುತ್ತಿದ್ದ:
ಗಣಿ ಕಕ್ಕಿದ ಮಣ್ಣು, ನೀರು, ರೈ ಹಿಟ್ಟು, ಅಗಸೆ ಎಣ್ಣೆ,
ಅಂಬಲಿಯ ಹಾಗೆ ಕೊತಕೊತ.
ದೇಶದ ಕೊಟ್ಟಿಗೆಗಳೆಲ್ಲ ತನ್ನ ಹಂಡೆಯಿಂದಲೇ
ಕೆಂಪಾದವೆಂದು ಅವನ ಜಂಬ.
ಮಗಳ ಉಗುರಿನ ಸಂದಿಯಲ್ಲೂ ಅದೇ ಕೆಂಪು.
ಕೈ ತೊಳೆದು ಬಾ, ಎಂದರೆ ಪಾದ್ರಿ,
ತೊಳೆದೇ ಬಂದಿದ್ದೇನೆ, ಅನ್ನುತ್ತಿದ್ದಳಂತೆ.

ನನ್ನ ಬಳಿ ತಂದ ಮೊದಲನೆಯದು ಕೆರೆ, ಬರ್ಚ್ ಮರ,
ನೀರಿನೊಳಗೆ ತಲೆಕೆಳಗಾಗಿ ಇನ್ನಷ್ಟು ಬರ್ಚ್.
ಚಿನ್ನದ ರೇಕಿನ ಚೌಕಟ್ಟು. ಅಂಟು ಆರುವ ಮೊದಲೇ
ಮರದ ವ್ಯಾಪಾರಿಯ ಹೆಂಡತಿ ಹೊತ್ತುಕೊಂಡು ಹೋದಳು.
ಅದೊಂದೇ, ನಗದು ಬಂದದ್ದು.

ಆಮೇಲೆ ಪ್ಯಾರಿಸ್. ಎರಡು ಚಳಿಗಾಲ.
ಕತ್ತರಿಸಿದ ಕೂದಲು, ಕಂಕುಳಲ್ಲಿ ಸುರುಳಿ.
ಬಿಚ್ಚಿದರೆ ಅವ್ವನ ಅಡುಗೆಮನೆ, ಮೇಲಿಂದಲೂ ಪಕ್ಕದಿಂದಲೂ
ಒಂದೇ ಏಟಿಗೆ. ಮೇಜಿಗೆ ಐದು ಅಂಚು.
ಮೀನಿನ ಎರಡೂ ಕಣ್ಣು ಒಂದೇ ಕಡೆ.
ನಾನು ನಕ್ಕೆ. ಅದು ಚಪ್ಪಟೆ ಮೀನು ಕಣಯ್ಯಾ,
ಮಾರುಕಟ್ಟೆಗೆ ಹೋಗಿ ನೋಡು, ಎಂದಳು.
ಹೋದೆ. ನೋಡಿದೆ.
ಕಟ್ಟೆಯ ಮೇಲೆ ಸಾಲಾಗಿ ಮಲಗಿ
ಎರಡೆರಡು ಕಣ್ಣಿಂದ ನನ್ನನ್ನೇ ನೋಡುತ್ತಿದ್ದವು.

ಅದರಲ್ಲಿ ಕೆಂಪು ಮಾತ್ರ ಇರಲಿಲ್ಲ.
ಯಾಕೆ ಅಂದೆ.
ಅದು ಅಪ್ಪನದು, ಎಂದಳು.

ಸ್ಟಾಕ್‌ಹೋಮಿನ ಪತ್ರಿಕೆ ಬರೆಯಿತು: ಕೈಜಾರಿದ ಪಿಂಗಾಣಿ.
ಮರುತಿಂಗಳೇ ಪಿಂಗಾಣಿ ಕಾರ್ಖಾನೆ ಸೇರಿದಳು.
ಹನ್ನೊಂದು ವರ್ಷ, ಬಟ್ಟಲಿನ ಅಂಚಿಗೆ ನೀಲಿ ಹೂ,
ದಿನಕ್ಕೆ ಇನ್ನೂರು. ಕುಂಚ ಎತ್ತಿದರೆ ಕೂಲಿ ಮುರಿತ.
ನನ್ನ ಕೂಲಿಗೆ ಬದಲು ಸೊಟ್ಟ ಬಟ್ಟಲು ತರುತ್ತಿದ್ದಳು.
ಹತ್ತೊಂಬತ್ತಿವೆ. ಒಂದೂ ನೆಟ್ಟಗೆ ಕೂರುವುದಿಲ್ಲ,
ಕಾಫಿ ಕುಡಿಯುವವರೇ ಸ್ವಲ್ಪ ವಾಲಬೇಕು.

ಆ ವರ್ಷಗಳಲ್ಲಿ ಆಕೆಯ ಗೆರೆ ಬದಲಾಯಿತು.
ಪುಸ್ತಕ ಬರೆಯುವವರು ಬೇರೆ ಕಾರಣ ಹೇಳುತ್ತಾರೆ.
ನಾನು ಬೆರಳು ನೋಡಿದ್ದೇನೆ: ಒಂದು ಉಸಿರಿಗೆ ಒಂದು ಗೆರೆ,
ಉಸಿರು ಮುಗಿದಲ್ಲಿ ನಿಂತುಬಿಡುತ್ತಿತ್ತು.
ಚಿತ್ರ ಕುಗ್ಗಿತು. ಬೆಳ್ಳಗಾಯಿತು.
ಒಮ್ಮೆ, ಮುಗಿಸಿ ಕಳಿಸಿ, ಎಂದು ಹಿಂದಕ್ಕೆ ಕಳಿಸಿದೆ.
ಅದರ ಬೆನ್ನಿಗೆ ಹೆಸರು ಬರೆದು ಮತ್ತೆ ತಂದಳು:
ಫೆಬ್ರವರಿ.

ಅಪ್ಪ ತೀರಿದ ವರ್ಷ ಫಾಲುನ್‌ನಿಂದ
ಒಂದು ತಗಡಿನ ಡಬ್ಬಿಯೊಡನೆ ಬಂದಳು.
ಬಣ್ಣ ಬಳಿಯದ ಸ್ಪ್ರೂಸಿನ ಚೌಕಟ್ಟು ಬೇಕು, ಎಂದಳು, ಎರಡು ಮೊಳ.
ಕೊಟ್ಟೆ. ಬಟ್ಟೆಯ ಮೇಲೆ ಬೂದು ಬಳಿದಳು, ಅಷ್ಟೇ,
ಒಲೆ ಆರಿದ ಮೇಲಿನ ಬೂದು.
ಆಮೇಲೆ ಡಬ್ಬಿ ತೆರೆದು, ನನ್ನ ಕಣ್ಣೆದುರೇ,
ಆ ಕೆಂಪನ್ನು ಚೌಕಟ್ಟಿಗೇ ಬಳಿದಳು. ನನ್ನ ಚೌಕಟ್ಟಿಗೆ!
ಒಂದು ವಾರ ಮಾತು ಬಿಟ್ಟೆ.
ಅಂಚು ನನ್ನದು, ಒಳಗಿನದು ಅವಳದು;
ಇಷ್ಟು ವರ್ಷ ಇಬ್ಬರೂ ದಾಟದ ಗಡಿ ಅದು.

ಆಕೆ ಹೋದ ಮೇಲೆ ಮ್ಯೂಸಿಯಮ್ಮಿನವರು ಬಂದರು.
ಚಿತ್ರ ಬಿಚ್ಚಿಕೊಂಡು ಹೋದರು.
ಅದಕ್ಕೆ ತೆಳ್ಳನೆಯ ಕಪ್ಪು ಪಟ್ಟಿ ಹಾಕುತ್ತಾರಂತೆ.
ಇದು ಬೇಡವಂತೆ, ಹಳೆಯ ಮರವಂತೆ.
ನಾನೂ ಹೆಚ್ಚು ವಾದಿಸಲಿಲ್ಲ.

ನಲವತ್ತೆರಡು ಕ್ರೋನ ಬಾಕಿ ಇದೆ ಪುಸ್ತಕದಲ್ಲಿ.
ಹೊಡೆದುಹಾಕಿಲ್ಲ.
ಚೌಕಟ್ಟು ಗೋಡೆಯ ಮೇಲಿದೆ, ಒಳಗೆ ಗೋಡೆ ಮಾತ್ರ.
ಧೂಳು ಒರೆಸಿದಾಗಲೆಲ್ಲ ಕೈಗೆ ಕೆಂಪು ಹತ್ತುತ್ತದೆ,
ಆ ಬಣ್ಣದ ಗುಣವೇ ಹಾಗೆ.
ಒರೆಸಿಕೊಂಡ ಟವೆಲು ನೋಡಿ ಹೆಂಡತಿ ಬೈಯುತ್ತಾಳೆ.